ಮಗುವಿನ ಓದಿಗೆ ಗ್ರಂಥಾಲಯದ ಪುಸ್ತಕವೋ, ಕೊಂಡ ಪುಸ್ತಕವೋ, ಫೋನಿನ ಪುಸ್ತಕವೋ?

ಐದರಿಂದ ಹತ್ತು ವರ್ಷದೊಳಗಿನ ಮಗುವಿಗೆ ಕನ್ನಡದ ಕಥೆಪುಸ್ತಕ ಬೇಕೆನಿಸಿದಾಗ ತಂದೆತಾಯಿಯ ಮುಂದೆ ಮೂರು ದಾರಿಗಳಿರುತ್ತವೆ. ಸಾರ್ವಜನಿಕ ಗ್ರಂಥಾಲಯದಿಂದ ಎರವಲು ತರಬಹುದು, ಅಂಗಡಿಯಲ್ಲೋ ಪುಸ್ತಕ ಮೇಳದಲ್ಲೋ ಕೊಳ್ಳಬಹುದು, ಇಲ್ಲವೇ ಫೋನಿನಲ್ಲಿ ಉಚಿತವಾಗಿ ಸಿಗುವುದನ್ನು ತೆರೆದು ಓದಿಸಬಹುದು. ಈ ಮೂರರಲ್ಲಿ ಯಾವುದು ಒಳ್ಳೆಯದು ಎಂದು ಕೇಳುವವರು ಬಹಳ. ಮಕ್ಕಳ ಜೊತೆ ವಾಚನಾಲಯಗಳಲ್ಲಿ ಹಲವು ಭಾನುವಾರಗಳನ್ನು ಕಳೆದ ಮೇಲೆ ನನಗೆ ತೋರಿರುವುದು ಇಷ್ಟು: ಮಗುವಿನ ರುಚಿ ಯಾವುದೆಂದು ತಿಳಿಯುವುದಕ್ಕೆ ಗ್ರಂಥಾಲಯ, ಅಲ್ಲಿ ಇಲ್ಲದ್ದನ್ನು ತುಂಬಿಕೊಳ್ಳುವುದಕ್ಕೆ ಫೋನು, ಓದಿ ಹಿಂತಿರುಗಿಸಿದ ಮೇಲೂ ಮಗು ಮತ್ತೆ ಕೇಳುವ ಪುಸ್ತಕಕ್ಕೆ ಮಾತ್ರ ದುಡ್ಡು. ಈ ಕ್ರಮ ತಿರುವುಮುರುವಾದ ಮನೆಗಳಲ್ಲಿ ಕಪಾಟಿನ ತುಂಬ ಹೊಸ ಪುಸ್ತಕಗಳಿರುತ್ತವೆ, ಅವುಗಳ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ.

ಗ್ರಂಥಾಲಯದ ಕಪಾಟು

ಮೊದಲು ಲೆಕ್ಕದ ಮಾತು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ 1965ರದು. ಅದರ ಪ್ರಕಾರ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ವಸೂಲು ಮಾಡುತ್ತವೆ. ಮನೆಗಂದಾಯದ ರಸೀದಿಯನ್ನು ಒಮ್ಮೆ ತೆಗೆದು ನೋಡಿದರೆ ನೀವು ಈ ಪುಸ್ತಕಗಳಿಗಾಗಿ ಆಗಲೇ ಹಣ ಕಟ್ಟಿರುವುದು ಕಣ್ಣಿಗೆ ಬೀಳುತ್ತದೆ. ಹಳ್ಳಿಗಳಲ್ಲಿ ವ್ಯವಸ್ಥೆ ಸ್ವಲ್ಪ ಬದಲಾಗಿದೆ. ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಈಗ ಅವುಗಳಿಗೆ ‘ಅರಿವು ಕೇಂದ್ರ’ವೆಂಬ ಹೆಸರಿದೆ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಇಲ್ಲಿ ಸದಸ್ಯತ್ವ ಉಚಿತವಾಯಿತು. ಬೆಂಗಳೂರಿನವರಿಗೆ ಕಬ್ಬನ್ ಉದ್ಯಾನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡವಿದೆ, ಅದೇ ಉದ್ಯಾನದಲ್ಲಿ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯವೂ ಇದೆ.

ಗ್ರಂಥಾಲಯದ ದೊಡ್ಡ ಲಾಭವೆಂದರೆ ಅಲ್ಲಿ ಆಯ್ಕೆ ತಪ್ಪಿದರೆ ನಷ್ಟವಿಲ್ಲ. ಮುನ್ನೂರು ರೂಪಾಯಿ ಕೊಟ್ಟು ತಂದ ಪುಸ್ತಕವನ್ನು ಮಗು ಮೂರನೆಯ ಪುಟಕ್ಕೇ ಬದಿಗಿಟ್ಟರೆ ನಮ್ಮ ಮುಖ ಬಾಡುತ್ತದೆ, ಅದು ಮಗುವಿಗೆ ತಿಳಿಯುತ್ತದೆ, ಮುಂದಿನ ಸಲ ಅದು ನಮ್ಮ ಸಮಾಧಾನಕ್ಕಾಗಿ ಓದಿದಂತೆ ನಟಿಸುತ್ತದೆ. ಎರವಲು ತಂದದ್ದನ್ನು ಅರ್ಧಕ್ಕೆ ಬಿಟ್ಟರೆ ಯಾರಿಗೂ ಬೇಸರವಿಲ್ಲ. ಹೀಗೆ ಬಿಡುವ ಸ್ವಾತಂತ್ರ್ಯವಿದ್ದಾಗಲೇ ಮಗುವಿಗೆ ತನ್ನದು ಯಾವುದೆಂದು ಗೊತ್ತಾಗುವುದು. ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಒಂದು, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎನ್ನುತ್ತದೆ. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. ಆ ಸೂತ್ರದಲ್ಲಿ ಓದುಗನ ವಯಸ್ಸನ್ನು ಅವರು ನಮೂದಿಸಿಲ್ಲ ಎಂಬುದನ್ನು ಮಕ್ಕಳ ಪರವಾಗಿ ನೆನಪಿಸಬೇಕಾಗಿದೆ, ಏಕೆಂದರೆ ವಾಚನಾಲಯದಲ್ಲಿ ಮಗುವಿನ ಪರವಾಗಿ ಪುಸ್ತಕ ಆರಿಸುವವರು ಹೆಚ್ಚಾಗಿ ಜೊತೆಗೆ ಬಂದ ದೊಡ್ಡವರೇ ಆಗಿರುತ್ತಾರೆ.

ಕುಂದುಗಳನ್ನೂ ಹೇಳಿಬಿಡುತ್ತೇನೆ. ಸರ್ಕಾರಿ ಗ್ರಂಥಾಲಯಗಳಿಗೆ ಪುಸ್ತಕಗಳು ಬಹುಪಾಲು ಸಗಟು ಖರೀದಿಯ ಮೂಲಕ ಬರುತ್ತವೆ, ಆದ್ದರಿಂದ ಕಪಾಟಿನಲ್ಲಿರುವುದು ಅಲ್ಲಿನ ಮಕ್ಕಳು ಕೇಳಿದ್ದಕ್ಕಿಂತ ಆ ವರ್ಷ ಆಯ್ಕೆಯಾದದ್ದು. ಮಕ್ಕಳ ವಿಭಾಗದಲ್ಲಿ ಮಹಾಪುರುಷರ ಕಿರುಜೀವನಚರಿತ್ರೆಗಳು, ನೀತಿಕಥೆಗಳು, ಪುರಾಣದ ಸಂಗ್ರಹಗಳು ಸಾಲುಸಾಲಾಗಿ ಸಿಗುತ್ತವೆ; ಈಗಷ್ಟೇ ಅಕ್ಷರ ಕೂಡಿಸುವ ಮಗುವಿಗೆ ಬೇಕಾದ, ಪುಟಕ್ಕೆ ಎರಡು ಸಾಲಿರುವ ಚಿತ್ರಪುಸ್ತಕಗಳು ಕಡಿಮೆ. ಇದ್ದರೂ ತೆಳ್ಳನೆಯ ಪುಸ್ತಕಕ್ಕೆ ಬೆನ್ನಿಲ್ಲದ ಕಾರಣ ಕಪಾಟಿನಲ್ಲಿ ಅದರ ಹೆಸರು ಕಾಣಿಸುವುದಿಲ್ಲ, ದಪ್ಪ ಪುಸ್ತಕಗಳ ನಡುವೆ ಅಡಗಿರುತ್ತದೆ. ಎಷ್ಟೋ ಕಡೆ ಬಣ್ಣದ ಪುಸ್ತಕಗಳು ಹಾಳಾಗುತ್ತವೆಂಬ ಅಂಜಿಕೆಯಿಂದ ಬೀರುವಿನೊಳಗೆ ಬೀಗ ಹಾಕಿಟ್ಟಿರುತ್ತಾರೆ. ಮೇಲ್ವಿಚಾರಕರನ್ನು ಕೇಳಿದರೆ ತೆಗೆದುಕೊಡುತ್ತಾರೆ. ಕೇಳದಿದ್ದರೆ ಅವು ಅಲ್ಲಿವೆಯೆಂದೇ ನಮಗೆ ತಿಳಿಯುವುದಿಲ್ಲ.

ಫೋನಿನ ಕಪಾಟು

ಚಿತ್ರಪುಸ್ತಕಗಳ ಈ ಕೊರತೆಯನ್ನು ಫೋನು ಚೆನ್ನಾಗಿ ತುಂಬುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರ ಸೆಪ್ಟೆಂಬರಿನಲ್ಲಿ, ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದು ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ಉಚಿತವಾಗಿ ಸಿಗುತ್ತವೆ. ಅಲ್ಲಿನ ಕಥೆಗಳಿಗೆ ಮುಕ್ತ ಪರವಾನಗಿ ಇರುವುದರಿಂದ ಬರೆದವರ, ಚಿತ್ರ ಬಿಡಿಸಿದವರ, ಅನುವಾದಿಸಿದವರ ಹೆಸರನ್ನು ಉಳಿಸಿಕೊಂಡು ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು. ಶಾಲೆಯ ಶಿಕ್ಷಕರಿಗೂ ಅರಿವು ಕೇಂದ್ರದ ಮೇಲ್ವಿಚಾರಕರಿಗೂ ಈ ಒಂದು ಸಂಗತಿ ಬಹಳ ಉಪಯುಕ್ತ. ಇಳಿಸಿಕೊಂಡ ಕಥೆಯನ್ನು ಟಿ.ವಿ. ಪರದೆಯ ಮೇಲೆ ದೊಡ್ಡದಾಗಿ ತೋರಿಸಿ ಇಪ್ಪತ್ತು ಮಕ್ಕಳಿಗೆ ಒಟ್ಟಿಗೇ ಓದಿಹೇಳಬಹುದು. ಒಂದೇ ಪ್ರತಿಯ ಪುಸ್ತಕದಲ್ಲಿ ಹಿಂದಿನ ಸಾಲಿನ ಮಗುವಿಗೆ ಚಿತ್ರವೇ ಕಾಣುವುದಿಲ್ಲ.

ಆ ತಾಣದಲ್ಲಿ ಕಥೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. 250 ಪದಗಳೊಳಗಿನದು ಮೊದಲ ಹಂತ, 250ರಿಂದ 600 ಎರಡನೆಯದು, 600ರಿಂದ 1,500 ಮೂರನೆಯದು, ಅದಕ್ಕೂ ದೊಡ್ಡದು ನಾಲ್ಕನೆಯದು. ಕನ್ನಡದ ಮಟ್ಟಿಗೆ ಈ ಪದಗಳ ಎಣಿಕೆಯನ್ನು ಪೂರ್ತಿ ನಂಬುವಂತಿಲ್ಲ. ನಮ್ಮ ಭಾಷೆಯಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ‘ನೋಡಿಕೊಂಡಿದ್ದನಂತೆ’ ಎನ್ನುವುದು ಎಣಿಕೆಯಲ್ಲಿ ಒಂದೇ ಪದ, ಓದುವ ಮಗುವಿಗೆ ಅದು ಒಂದು ಸಾಲು. ‘ಆನೆ ಬಂತು. ಇಲಿ ಓಡಿತು’ ಎಂಬಲ್ಲಿ ನಾಲ್ಕು ಪದಗಳಿವೆ, ಆದರೂ ಅದನ್ನು ಒಂದನೆಯ ತರಗತಿಯ ಮಗು ಉಸಿರು ಕಟ್ಟದೆ ಓದುತ್ತದೆ. ಆದುದರಿಂದ ಹಂತದ ಅಂಕಿಯನ್ನು ಅಂದಾಜಿಗೆ ಮಾತ್ರ ಇಟ್ಟುಕೊಂಡು, ಕಥೆಯ ನಡುವಿನ ಒಂದು ಪುಟವನ್ನು ತೆರೆದು ಅಲ್ಲಿನ ಪದಗಳ ಉದ್ದವನ್ನು ನೋಡುವುದು ಒಳ್ಳೆಯದು.

ಅನುವಾದದ ಗುಣಮಟ್ಟ ಇನ್ನೊಂದು ಪ್ರಶ್ನೆ. ಮುಕ್ತ ತಾಣದಲ್ಲಿ ಯಾರು ಬೇಕಾದರೂ ಅನುವಾದಿಸಬಹುದಾದ್ದರಿಂದ ಸೊಗಸಾದ ಕನ್ನಡವೂ ತಡವರಿಸುವ ಕನ್ನಡವೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಪರೀಕ್ಷೆ ಸುಲಭ: ಮೊದಲ ಪುಟವನ್ನು ನೀವೇ ಗಟ್ಟಿಯಾಗಿ ಓದಿ ನೋಡಿ. ‘ತಿನ್ನಲ್ಪಟ್ಟಿತು’, ‘ಕರೆಯಲ್ಪಟ್ಟನು’ ಎಂಬಂಥವು ಎರಡು ಸಲ ಬಂದರೆ ಆ ಕಥೆಯನ್ನು ಮುಚ್ಚಿಬಿಡಿ. ಮನೆಯಲ್ಲಿ ಯಾರೂ ಹಾಗೆ ಕಥೆ ಹೇಳುವುದಿಲ್ಲ.

ಪರದೆಯ ಓದಿಗೆ ತನ್ನದೇ ಮಿತಿಗಳಿವೆ. ಐದಾರು ಅಂಗುಲದ ಫೋನಿನಲ್ಲಿ ಚಿತ್ರವೂ ಅಕ್ಷರವೂ ಸೇರಿ ಕುಗ್ಗಿಹೋಗುತ್ತವೆ, ಕನ್ನಡದ ಒತ್ತಕ್ಷರಗಳಂತೂ ಸಾಸಿವೆ ಕಾಳಿನಷ್ಟಾಗುತ್ತವೆ. ಓದುವ ಮಧ್ಯೆ ಫೋನಿಗೆ ಕರೆ ಬರುತ್ತದೆ. ಕರೆ ಮುಗಿಯುವ ಹೊತ್ತಿಗೆ ಮಗು ಬೇರೆಲ್ಲೋ ಇರುತ್ತದೆ. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವೂ 2020ರಿಂದ ಇದೆ, ಆದರೆ ಅದರ ಉಪಯೋಗ ಸಣ್ಣ ಮಕ್ಕಳಿಗಿಂತ ಪಠ್ಯ ಹುಡುಕುವ ದೊಡ್ಡ ವಿದ್ಯಾರ್ಥಿಗಳಿಗೆ ಹೆಚ್ಚು.

ದುಡ್ಡು ಕೊಡುವ ಹೊತ್ತು

ಕೊಳ್ಳುವ ವಿಷಯದಲ್ಲಿ ನನ್ನ ನಿಯಮವನ್ನು ಮೊದಲೇ ಹೇಳಿದ್ದೇನೆ. ಅದಕ್ಕೆ ಅಪವಾದಗಳಿವೆ. ಮೂರು ವರ್ಷದೊಳಗಿನ ಮಗು ಪುಸ್ತಕವನ್ನು ಬಾಯಿಗಿಡುತ್ತದೆ, ಕಚ್ಚುತ್ತದೆ, ಮಡಚುತ್ತದೆ. ಅದಕ್ಕೆ ಗ್ರಂಥಾಲಯದ ಪುಸ್ತಕ ಕೊಡುವುದು ಪುಸ್ತಕಕ್ಕೂ ಮಗುವಿಗೂ ಒಳ್ಳೆಯದಲ್ಲ, ದಪ್ಪ ರಟ್ಟಿನ ಹಾಳೆಗಳ ಪುಸ್ತಕವೊಂದನ್ನು ಕೊಂಡುಬಿಡಬೇಕು. ಶಿಶುಗೀತೆಗಳ ಪುಸ್ತಕವನ್ನೂ ಕೊಳ್ಳುವುದೇ ಸರಿ. ಪದ್ಯ ನಾಲಿಗೆಯ ಮೇಲೆ ಕೂರುವುದಕ್ಕೆ ತಿಂಗಳುಗಟ್ಟಲೆ ಬೇಕು, ಎರವಲಿನ ಅವಧಿ ಅದಕ್ಕೆ ಸಾಲುವುದಿಲ್ಲ. ಪಂಜೆ ಮಂಗೇಶರಾಯರಿಂದ, ಜಿ. ಪಿ. ರಾಜರತ್ನಂ ಅವರಿಂದ ಮೊದಲ್ಗೊಂಡು ಕನ್ನಡದಲ್ಲಿ ಶಿಶುಗೀತೆಯ ಪರಂಪರೆ ಶ್ರೀಮಂತವಾಗಿದೆ. ಈಚಿನ ಸಂಕಲನ ಆರಿಸುವಾಗ ಪ್ರಾಸಕ್ಕಿಂತ ಮೊದಲು ಲಯವನ್ನು ನೋಡಿ. ಮೂರು ಮಾತ್ರೆಯದೋ ನಾಲ್ಕು ಮಾತ್ರೆಯದೋ ಒಂದು ನಡಿಗೆಯಲ್ಲಿ ಕೈತಟ್ಟುತ್ತ ಹೇಳಿದಾಗ ಎಲ್ಲಿಯೂ ಮುಗ್ಗರಿಸದಿದ್ದರೆ ಅದು ಒಳ್ಳೆಯ ಪದ್ಯ. ಪ್ರಾಸ ಸರಿಯಿದ್ದು ಲಯ ಕುಂಟಿದರೆ ಮಗು ಅದನ್ನು ತಾನಾಗಿ ಎಂದೂ ಹಾಡುವುದಿಲ್ಲ.

ಬೆಲೆಯ ದೃಷ್ಟಿಯಿಂದ ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲಿಕೆ ಇಂದಿಗೂ ಕೈಗೆಟಕುವಂತಿದೆ. 1957ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಮಕ್ಕಳ ಪುಸ್ತಕಗಳು ಕನ್ನಡದಲ್ಲೂ ಇವೆ. ಪ್ರಥಮ್ ಬುಕ್ಸ್‌ನ ಮುದ್ರಿತ ಪುಸ್ತಕಗಳೂ ಅಗ್ಗ. ನವಕರ್ನಾಟಕದ ಮಳಿಗೆಗಳಲ್ಲಿ ವಿಜ್ಞಾನದ ಪುಸ್ತಕಗಳು ಹೆಚ್ಚು. ಚೆನ್ನೈನ ತೂಲಿಕಾ ಪ್ರಕಾಶನದವರು ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಒಂದೇ ಪುಟದಲ್ಲಿಟ್ಟು ಚಿತ್ರಪುಸ್ತಕಗಳನ್ನು ತರುತ್ತಾರೆ. ಬೆಲೆ ತುಸು ಹೆಚ್ಚು, ಚಿತ್ರಗಳು ಅದಕ್ಕೆ ತಕ್ಕಂತಿವೆ. ಅವಸರವಿಲ್ಲದವರು ನವೆಂಬರಿನವರೆಗೆ ಕಾಯಬಹುದು, ರಾಜ್ಯೋತ್ಸವದ ತಿಂಗಳಲ್ಲಿ ಅನೇಕ ಪ್ರಕಾಶಕರು ರಿಯಾಯಿತಿ ಕೊಡುತ್ತಾರೆ.

ಕೈಯಲ್ಲಿ ಎರಡು ಪುಸ್ತಕಗಳಿದ್ದಾಗ

ಎಲ್ಲಿಂದ ತಂದರೂ ಕೊನೆಗೆ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಒಂದನ್ನು ಆರಿಸುವ ಗಳಿಗೆ ಬಂದೇ ಬರುತ್ತದೆ. ಕನ್ನಡ ಓದಲು ಕಲಿಯುವ ಮಗುವಿಗೆ ಆಗ ನೋಡಬೇಕಾದ ಮೊದಲ ಸಂಗತಿ ಒತ್ತಕ್ಷರ. ಹಲವರು ಒತ್ತಕ್ಷರವೇ ಇಲ್ಲದ ಪುಸ್ತಕವನ್ನು ಹುಡುಕುತ್ತಾರೆ. ಒಂದೆರಡು ವಾರಗಳ ಮಟ್ಟಿಗೆ ಅದು ಸರಿ, ಆಮೇಲೆ ಅದು ಅಡ್ಡಿಯೇ ಆಗುತ್ತದೆ, ಏಕೆಂದರೆ ಅಮ್ಮ, ಅಪ್ಪ, ಅಕ್ಕ, ಅಣ್ಣ, ಬೆಕ್ಕು, ಹಕ್ಕಿ, ಅನ್ನ, ಬೆಲ್ಲ ಇವೆಲ್ಲವನ್ನೂ ಬಿಟ್ಟು ಮಗುವಿನ ಲೋಕದ ಕಥೆ ಬರೆಯುವುದು ಅಸಾಧ್ಯ. ಹಾಗೆ ಬಿಟ್ಟು ಬರೆದ ಕಥೆ ಕೃತಕವಾಗಿರುತ್ತದೆ. ಒಂದೇ ವ್ಯಂಜನ ಇಮ್ಮಡಿಯಾಗುವ ಸಜಾತೀಯ ಒತ್ತುಗಳನ್ನು ಮಗು ಬೇಗ ಹಿಡಿಯುತ್ತದೆ, ಬಾಯಲ್ಲಿ ಆ ಪದಗಳು ಆಗಲೇ ಇರುತ್ತವೆ. ಕಷ್ಟವಿರುವುದು ವಿಜಾತೀಯ ಒತ್ತುಗಳಲ್ಲಿ: ಪುಸ್ತಕ, ಚಂದ್ರ, ಆಶ್ಚರ್ಯ. ಅದರಲ್ಲೂ ಅರ್ಕಾವತ್ತು ಮಕ್ಕಳನ್ನು ಬಹಳ ಕಾಡುತ್ತದೆ. ‘ಸೂರ್ಯ’ ಎನ್ನುವಾಗ ರಕಾರವನ್ನು ಮೊದಲು ಉಚ್ಚರಿಸಿ ಯಕಾರವನ್ನು ಆಮೇಲೆ ಉಚ್ಚರಿಸುತ್ತೇವೆ, ಬರೆಯುವಾಗ ಯಕಾರ ಮೊದಲು, ಅದರ ಬಲಕ್ಕೆ ಒಂಬತ್ತರ ಅಂಕಿಯಂಥ ಗುರುತು. ಕಣ್ಣು ಒಂದು ಕ್ರಮದಲ್ಲಿ ಹೋಗುತ್ತದೆ, ನಾಲಿಗೆ ಇನ್ನೊಂದು ಕ್ರಮದಲ್ಲಿ. ದೊಡ್ಡವರಾದ ನಾವು ಇದನ್ನು ಮರೆತೇ ಬಿಟ್ಟಿರುತ್ತೇವೆ. ಎರಡು ಪುಸ್ತಕಗಳಲ್ಲಿ ಯಾವುದರ ಪುಟದಲ್ಲಿ ಸಜಾತೀಯ ಒತ್ತುಗಳು ಧಾರಾಳವಾಗಿದ್ದು ವಿಜಾತೀಯಗಳು ಅಲ್ಲೊಂದು ಇಲ್ಲೊಂದು ಬರುತ್ತವೆಯೋ ಅದು ಆರೇಳು ವರ್ಷದ ಮಗುವಿಗೆ ಹೊಂದುತ್ತದೆ.

ಎರಡನೆಯದು ಆಡುಮಾತು ಮತ್ತು ಬರೆಹದ ಮಾತಿನ ಅಂತರ. ಮೈಸೂರು ಕಡೆಯ ಮಗು ‘ಬರ್ತಾನೆ’ ಎನ್ನುತ್ತದೆ, ಧಾರವಾಡದ್ದು ‘ಬರತಾನ’ ಎನ್ನುತ್ತದೆ, ಪುಸ್ತಕದಲ್ಲಿ ‘ಬರುತ್ತಾನೆ’ ಎಂದಿರುತ್ತದೆ. ನಿರೂಪಣೆ ಗ್ರಾಂಥಿಕವಾಗಿದ್ದು ಪಾತ್ರಗಳ ಮಾತು ಮಾತ್ರ ಆಡುನುಡಿಯಲ್ಲಿರುವ ಪುಸ್ತಕ, ಎಲ್ಲವನ್ನೂ ಗ್ರಾಂಥಿಕದಲ್ಲೇ ಹೇಳುವ ಪುಸ್ತಕಕ್ಕಿಂತ ಬೇಗ ಒಲಿಯುತ್ತದೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುವ ಕರಾವಳಿಯ ಮಗುವಿನ ಪರಿಸ್ಥಿತಿಯೇ ಬೇರೆ. ಅದಕ್ಕೆ ಕನ್ನಡದ ಪರಿಚಯವಾದದ್ದೇ ಬಹುಮಟ್ಟಿಗೆ ಶಾಲೆಯ ಗ್ರಾಂಥಿಕ ರೂಪದಲ್ಲಿ, ಹಾಗಾಗಿ ಬೆಂಗಳೂರಿನ ಆಡುಮಾತಿನ ಪುಸ್ತಕವೇ ಅದಕ್ಕೆ ತೊಡಕಾಗಬಹುದು. ಉರ್ದು, ತೆಲುಗು, ಮರಾಠಿ ಮನೆಮಾತಿನ ಮಕ್ಕಳಿಗೆ ಪದಗಳಿಲ್ಲದ, ಬರಿಯ ಚಿತ್ರಗಳ ಪುಸ್ತಕದಿಂದ ಆರಂಭಿಸಿದರೆ ಕಥೆಯನ್ನು ಮೊದಲು ಮನೆಮಾತಿನಲ್ಲೇ ಹೇಳಿಕೊಂಡು, ಆಮೇಲೆ ಕನ್ನಡದ್ದಕ್ಕೆ ಬರುವುದು ಸಲೀಸಾಗುತ್ತದೆ.

ದ್ವಿಭಾಷಾ ಪುಸ್ತಕಗಳ ಬಗ್ಗೆ ಒಂದು ಎಚ್ಚರ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗು ಅಂಥ ಪುಟದಲ್ಲಿ ತನಗೆ ಸುಲಭವಾದ ಇಂಗ್ಲಿಷನ್ನು ಓದಿ ಮುಗಿಸಿ ಪುಟ ತಿರುಗಿಸಿಬಿಡುತ್ತದೆ. ಕನ್ನಡವೇ ಗುರಿಯಾಗಿದ್ದರೆ ಕನ್ನಡ ಮಾತ್ರ ಇರುವ ಪುಸ್ತಕ ಲೇಸು. ಆದರೆ ಅಜ್ಜಿಗೆ ಕನ್ನಡ ಮಾತ್ರ ಬರುತ್ತದೆ, ಮೊಮ್ಮಗುವಿಗೆ ಇಂಗ್ಲಿಷ್ ಮಾತ್ರ ಓದಲು ಬರುತ್ತದೆ ಎನ್ನುವ ಮನೆಯಲ್ಲಿ ದ್ವಿಭಾಷಾ ಪುಸ್ತಕಕ್ಕೆ ಸಾಟಿಯಿಲ್ಲ. ಇಬ್ಬರೂ ಒಂದೇ ಚಿತ್ರದ ಮುಂದೆ ಕೂರುತ್ತಾರೆ. ವಿದೇಶದಲ್ಲಿರುವ ಕನ್ನಡದ ಕುಟುಂಬಗಳಿಗೆ ಇದು ಇನ್ನೂ ನಿಜ. ಅವರಿಗೆ ಹತ್ತಿರದಲ್ಲಿ ಕನ್ನಡದ ಕಪಾಟು ಇರುವುದು ಅಪರೂಪವಾದ್ದರಿಂದ ಮೇಲೆ ಹೇಳಿದ ಕ್ರಮವನ್ನು ಬದಲಿಸಿಕೊಳ್ಳಬೇಕು: ರುಚಿ ನೋಡುವ ಕೆಲಸವನ್ನು ಫೋನಿನಲ್ಲಿ ಮುಗಿಸಿ, ಊರಿಗೆ ಬಂದಾಗ ಪೆಟ್ಟಿಗೆಯಲ್ಲಿ ಒಯ್ಯುವ ಐದಾರು ಪುಸ್ತಕಗಳನ್ನು ಮಗುವೇ ಹೆಸರಿಸುವಂತೆ ಮಾಡಬೇಕು.

ಮಾಹಿತಿ ಪುಸ್ತಕವೋ ಕಥೆಯೋ ಎಂಬ ಆಯ್ಕೆಯಲ್ಲಿ ಕಥೆಯೇ ದೊಡ್ಡದೆಂಬ ಭಾವನೆ ಹಲವರಿಗಿದೆ. ಅದು ಮಕ್ಕಳಿಗೆ ಮಾಡುವ ಅನ್ಯಾಯ. ಹಾವು, ರೈಲು, ಗ್ರಹಗಳ ವಿಷಯವಲ್ಲದೆ ಬೇರೇನನ್ನೂ ಮುಟ್ಟದ ಮಕ್ಕಳಿದ್ದಾರೆ, ಅವರೂ ಒಳ್ಳೆಯ ಓದುಗರೇ. ಕನ್ನಡದಲ್ಲಿ ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ ಮೂರು ಸಂಪುಟಗಳ ಜ್ಞಾನಕೋಶ ‘ಬಾಲ ಪ್ರಪಂಚ’ವನ್ನು ಸಿದ್ಧಪಡಿಸಿದ್ದರೆಂದ ಮೇಲೆ ಮಾಹಿತಿ ಪುಸ್ತಕವನ್ನು ಕೀಳಾಗಿ ಕಾಣಲು ನಮಗೆ ಕಾರಣವಿಲ್ಲ. ಆದರೆ ಕಥೆಪುಸ್ತಕ ಎಷ್ಟು ಹಳೆಯದಾದರೂ ನಡೆಯುತ್ತದೆ, ಮಾಹಿತಿ ಪುಸ್ತಕ ನಡೆಯುವುದಿಲ್ಲ. ಗ್ರಂಥಾಲಯದ ಪ್ರತಿಯಲ್ಲಿ ಮುದ್ರಣದ ವರ್ಷವನ್ನು ನೋಡಿ. ಗ್ರಹಗಳು ಒಂಬತ್ತು ಎಂದಿದ್ದರೆ ಅದು 2006ಕ್ಕಿಂತ ಹಿಂದಿನ ಲೆಕ್ಕ, ಕರ್ನಾಟಕದ ಜಿಲ್ಲೆಗಳು ಮೂವತ್ತು ಎಂದಿದ್ದರೆ ವಿಜಯನಗರ ಜಿಲ್ಲೆಯಾದ 2021ಕ್ಕಿಂತ ಹಿಂದಿನದು. ಇಂಥ ಪುಸ್ತಕದಲ್ಲಿ ತಪ್ಪು ಹುಡುಕುವುದನ್ನೇ ಆಟವಾಗಿಸಿಕೊಂಡ ಹುಡುಗಿಯೊಬ್ಬಳನ್ನು ನಾನು ಬಲ್ಲೆ; ಅವಳಿಗೆ ಹಳೆಯ ಪುಸ್ತಕವೇ ಹೆಚ್ಚು ಇಷ್ಟ.

ಕಿರುಜೀವನಚರಿತ್ರೆಗಳಲ್ಲಿ ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆಯ 500ಕ್ಕೂ ಹೆಚ್ಚು ಪುಟ್ಟ ಪುಸ್ತಕಗಳು ಬಹುತೇಕ ಎಲ್ಲ ಗ್ರಂಥಾಲಯಗಳಲ್ಲೂ ಕಾಣಸಿಗುತ್ತವೆ. ಜೇಬಿನಲ್ಲಿ ಹಿಡಿಯುವ ಗಾತ್ರ, ಒಂದೇ ಸಲ ಕೂತು ಮುಗಿಸಬಹುದಾದ ಉದ್ದ, ಇವು ಅವುಗಳ ಬಲ. ಭಾಷೆ ಒಂಬತ್ತು ವರ್ಷದ ಕೆಳಗಿನವರಿಗೆ ಬಿಗಿ. ಕಾಮಿಕ್ಸ್ ಓದುವುದು ಓದಲ್ಲವೆನ್ನುವವರ ಜೊತೆ ವಾದಿಸಲು ನನಗೆ ಇಷ್ಟವಿಲ್ಲ, ಮಗು ಓದಲಿ. ಪ್ರಶಸ್ತಿ ಪಡೆದ ಪುಸ್ತಕಗಳನ್ನು ಹುಡುಕುವವರು ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿಯನ್ನು ನೋಡಬಹುದು. 2010ರಲ್ಲಿ ಆರಂಭವಾದ ಈ ಪುರಸ್ಕಾರ ಮೊದಲ ವರ್ಷ ಕನ್ನಡದಲ್ಲಿ ಬೊಳುವಾರು ಮಹಮದ್ ಕುಂಞಿಯವರ ಗಾಂಧಿ ಕುರಿತ ಪುಸ್ತಕಕ್ಕೆ ಸಂದಿತು. ಪಟ್ಟಿಯಿಂದ ಆರಿಸಿದ ಪುಸ್ತಕಗಳು ಹತ್ತು ದಾಟಿದವರಿಗೆ ಹೆಚ್ಚು ಹೊಂದುತ್ತವೆ ಎನ್ನುವುದು ನನ್ನ ಅನುಭವ. ತೀರ್ಪು ಕೊಟ್ಟವರು ದೊಡ್ಡವರೆಂಬುದನ್ನು ಮರೆಯಬಾರದು.

ಇನ್ನುಳಿದವು ಸಣ್ಣ ವ್ಯವಹಾರದ ಮಾತುಗಳು. ನಗರದ ಸಾರ್ವಜನಿಕ ಗ್ರಂಥಾಲಯಗಳಿಗೆ ವಾರದ ರಜೆ ಸಾಮಾನ್ಯವಾಗಿ ಸೋಮವಾರ, ಆದ್ದರಿಂದ ಭಾನುವಾರ ಮಕ್ಕಳನ್ನು ಕರೆದೊಯ್ಯಲು ಅಡ್ಡಿಯಿಲ್ಲ. ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹದಲ್ಲಿ ಹಲವು ಕಡೆ ಬೀರುಗಳ ಬೀಗ ತೆಗೆದು ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಡುತ್ತಾರೆ. ವರ್ಷದಲ್ಲಿ ಒಮ್ಮೆ ಮಾತ್ರ ಹೋಗಲು ಸಾಧ್ಯವಾಗುವವರು ಆ ವಾರವನ್ನು ಆರಿಸಿಕೊಳ್ಳಲಿ. ಮಗುವಿಗೆ ಬೇಕಾದ ಪುಸ್ತಕ ಅಲ್ಲಿ ಇಲ್ಲದಿದ್ದರೆ ಅದರ ಹೆಸರನ್ನು, ಬರೆದವರ ಹೆಸರನ್ನು, ಪ್ರಕಾಶಕರ ಹೆಸರನ್ನು ಚೀಟಿಯಲ್ಲಿ ಬರೆದು ಮೇಲ್ವಿಚಾರಕರಿಗೆ ಕೊಡಿ, ಸಾಧ್ಯವಾದರೆ ಮಗುವಿನ ಕೈಯಲ್ಲೇ ಬರೆಸಿ ಕೊಡಿ. ಎರವಲು ಪುಸ್ತಕದ ಹಾಳೆ ಹರಿದರೆ ಮನೆಯಲ್ಲಿ ಪಾರದರ್ಶಕ ಟೇಪು ಹಚ್ಚಲು ಹೋಗಬೇಡಿ, ಅದು ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಅಕ್ಷರವನ್ನೂ ತಿನ್ನುತ್ತದೆ. ಹರಿದ ತುಂಡನ್ನು ಪುಟದೊಳಗೇ ಇಟ್ಟು, ಹೀಗಾಯಿತೆಂದು ಹೇಳಿ ಹಿಂತಿರುಗಿಸಿದರೆ ಸಾಕು.